ಸೌಟು ಹಿಡಿದವರ ಸರದಿ

ನನ್ನ ಗಂಡನಿಗೆ ಕಿವಿ ಕೇಳಿಸುತ್ತದೆ ಎಂಬ ಸುದ್ದಿ ನಮಗೆ ಸಿಕ್ಕಿದ್ದು ಪರದೇಶದಲ್ಲಿ.

ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಅದು ಗೊತ್ತಿರಲಿಲ್ಲ. ಅವರನ್ನು ಹೆತ್ತ ಅತ್ತೆಗೂ ಗೊತ್ತಿರಲಿಲ್ಲ. ಅಪ್ಪಾ ಅಪ್ಪಾ ಎಂದು ಬೆನ್ನಿಗೆ ಬಿದ್ದು ಬೆಳೆದ ಮಗಳಿಗಂತೂ ಕನಸಿನಲ್ಲೂ ಅನುಮಾನ ಬಂದಿರಲಿಲ್ಲ. ಮನೆಯಲ್ಲಿ ಯಾರು ಬಾಯಿ ತೆರೆದರೂ ಅರ್ಧ ಮಾತಿಗೇ “ಗೊತ್ತಾಯ್ತು, ಗೊತ್ತಾಯ್ತು” ಎಂದು ಮುಗಿಸಿಬಿಡುವ ಮನುಷ್ಯ ಅವರು. ಗಣಿತದ ಮೇಷ್ಟ್ರು ನೋಡಿ, ಲೆಕ್ಕದ ಮೊದಲ ಸಾಲು ಓದುವಷ್ಟರಲ್ಲಿ ಉತ್ತರ ಹೊಳೆದುಬಿಡುತ್ತದಂತೆ. ಹಾಲು ಒಡೆದಿದೆ ಎಂದು ಹೇಳಹೊರಟರೆ ಹಾಲು ಮುಗಿದಿದೆ ಎಂದುಕೊಂಡು ಚೀಲ ಹಿಡಿದು ಹೊರಟವರು.

ಅವರು ಪರದೇಶಕ್ಕೆ ಹೊರಟದ್ದು ಮಕ್ಕಳ ಕೇಂದ್ರವೊಂದರಲ್ಲಿ ಸ್ವಯಂಸೇವೆ ಮಾಡಲಿಕ್ಕೆ. ಬೆಳಕು ಹರಿಯುವ ಮುಂಚೆಯೇ ಕಾರ್ಖಾನೆಗಳಿಗೆ ಹೋಗಿಬಿಡುವ ತಂದೆತಾಯಿಗಳ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಳ್ಳುವ ಜಾಗ ಅದು. ಸಂಬಳವಿಲ್ಲ, ಇರಲಿಕ್ಕೆ ಮನೆ ಮತ್ತು ಊಟದ ಖರ್ಚು ಕೇಂದ್ರದವರದು. ಹಳೆಯ ಸಹೋದ್ಯೋಗಿಯೊಬ್ಬರು ಹೋಗಿ ಬಂದು ಕೊಂಡಾಡಿದ್ದೇ ತಡ, ಇವರು ಶಾಲೆಗೆ ದೀರ್ಘ ರಜೆ ಬರೆದುಕೊಟ್ಟರು.

“ಒಂದೇ ಒಂದು ವರ್ಷ. ಎಲ್ಲರೂ ಹೋಗೋಣ,” ಎಂದರು. “ಮೆಣಸಿಗೂ ಲೋಕ ನೋಡಿದ ಹಾಗಾಗುತ್ತೆ. ಅವಳ ಕೊನೇ ವರ್ಷದ ಕ್ಲಾಸು ಶುರುವಾಗೋ ಮುಂಚೆ ವಾಪಸ್ ಬಂದಿರ್ತೀವಿ. ಮಾತು ಕೊಡ್ತೀನಿ.”

ಮೆಣಸಿ ಎಂದರೆ ನಮ್ಮ ಮಗಳು. ಹಸುಗೂಸಾಗಿದ್ದಾಗ ಚುರುಕು ನೋಡಿ ಅವರೇ ಇಟ್ಟ ಹೆಸರು. ಅವಳ ಶಾಲೆಯವರು, ಈ ವರ್ಷ ಎಲ್ಲಿದ್ದಾದರೂ ಓದಿಕೊಳ್ಳಲಿ, ಕೊನೆಯ ವರ್ಷಕ್ಕೆ ಸರಿಯಾಗಿ ಬಂದು ಕೂತರೆ ಸೀಟು ಇರುತ್ತದೆ ಎಂದು ಒಪ್ಪಿದ್ದರು. ನಾನು ರಕ್ತ ಪರೀಕ್ಷೆಯ ಲ್ಯಾಬಿನ ಕೆಲಸ ಬಿಟ್ಟೆ.

“ನನ್ನನ್ನ ಎಲ್ಲಿಟ್ಟು ಹೋಗ್ತೀರಪ್ಪಾ, ಬ್ಯಾಂಕ್ ಲಾಕರ್‌ನಲ್ಲಾ?” ಎಂದು ಕೇಳಿ ಅತ್ತೆಯೂ ಹೊರಟು ನಿಂತರು.

ಕೊಟ್ಟ ಮನೆ ಲಾಂಡ್ರಿಯೊಂದರ ಮೇಲಿತ್ತು. ಮೂರು ಕೋಣೆ. ಕೆಳಗಿನ ದೊಡ್ಡ ಯಂತ್ರ ತಿರುಗಲು ಶುರುವಾದರೆ ನಮ್ಮ ಮೇಜಿನ ಮೇಲಿನ ಚಮಚ, ತಟ್ಟೆ ಎಲ್ಲ ಗಡಗಡ ಎನ್ನುತ್ತಿದ್ದವು. ಅತ್ತೆ ಒಂದು ಕೈಯಲ್ಲಿ ಲೋಟ ಒತ್ತಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಊಟ ಮಾಡುವುದನ್ನು ಕಲಿತರು. ಮೆಟ್ಟಿಲ ತುಂಬ ಸೋಪಿನ ಹಬೆ. ನಾವು ನಾಲ್ಕು ಜನ ಎಲ್ಲಿಗೆ ಹೋದರೂ ಈಗಷ್ಟೇ ಒಗೆದು ತೆಗೆದವರ ಹಾಗೆ ಘಮಘಮ ಎನ್ನುತ್ತಿದ್ದೆವು.

ಮೊದಲ ವಾರಗಳಲ್ಲಿ ಕೇಂದ್ರದ ಮಕ್ಕಳು ಇವರನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು. ಅಲ್ಲಿಯ ಮಾತು ಇವರಿಗೆ ಬರದು, ಇವರ ಗಣಿತ ಆ ಮಕ್ಕಳಿಗೆ ಬೇಡ. ಒಂದು ದಿನ ಬೆನ್ನಿಗೆ ಅಂಟಿಸಿದ್ದ ಕಾಗದದ ಸಮೇತ ಮನೆಗೆ ಬಂದರು. ಅದರಲ್ಲಿ ಏನು ಬರೆದಿತ್ತೋ, ಬಸ್ಸಿನಲ್ಲಿ ಕೂತವರೆಲ್ಲ ನಕ್ಕರಂತೆ. ನನಗೆ ಪಾಪ ಅನ್ನಿಸಿತು. ವಾಪಸ್ ಹೋಗೋಣ ಎಂದು ಅವರಾಗಿಯೇ ಹೇಳಿಯಾರು ಎಂದು ಮೆಣಸಿ ಒಳಗೊಳಗೇ ಕುಣಿಯುತ್ತಿದ್ದಳು.

ಆಗ ಕೇಂದ್ರದ ಮುಖ್ಯಸ್ಥೆ ಅವರನ್ನು ಶೂ ಕೋಣೆಯಲ್ಲಿ ಕೂರಿಸಿದಳು.

ಆ ಕೇಂದ್ರದಲ್ಲಿ ಒಂದು ಪದ್ಧತಿ. ಊಟವಾದ ಮೇಲೆ ‘ಕೇಳುವ ಹೊತ್ತು’ ಅಂತ ಇರುತ್ತದೆ. ಮಕ್ಕಳು ಶೂ ಬಿಡುವ ಸಣ್ಣ ಕೋಣೆಯಲ್ಲಿ ಎರಡು ಗಿಡ್ಡ ಸ್ಟೂಲು. ಒಂದರ ಮೇಲೆ ದೊಡ್ಡವರೊಬ್ಬರು, ಇನ್ನೊಂದರ ಮೇಲೆ ಮಗು. ನಡುವೆ ಕೀಲಿ ಕೊಡುವ ಅಡುಗೆ ಗಡಿಯಾರ. ಅದು ಗಂಟೆ ಹೊಡೆಯುವವರೆಗೂ ಮಗು ಏನು ಬೇಕಾದರೂ ಹೇಳಬಹುದು, ಸುಮ್ಮನೆಯೂ ಕೂರಬಹುದು. ದೊಡ್ಡವರು ಮಾತ್ರ ಬಾಯಿ ತೆರೆಯುವಂತಿಲ್ಲ. ಪ್ರಶ್ನೆ ಇಲ್ಲ, ಬುದ್ಧಿಮಾತು ಇಲ್ಲ, ‘ಅಯ್ಯೋ’ ಕೂಡ ಇಲ್ಲ. ಒಳಗೆ ಹೇಳಿದ್ದನ್ನು ಹೊರಗೆ ಯಾರೂ ಎತ್ತಬಾರದು. ಯಾರಿಗೆ ಸರದಿ ಬೇಕೋ ಅವರು ಅಡುಗೆಮನೆಯಿಂದ ಒಂದು ಮರದ ಸೌಟು ತೆಗೆದುಕೊಂಡು ಬೆಂಚಿನ ಮೇಲೆ ಕೂತು ಕಾಯಬೇಕು. ಸೌಟು ಹಿಡಿದವರನ್ನು ಎಬ್ಬಿಸುವ ಅಧಿಕಾರ ಮುಖ್ಯಸ್ಥೆಗೂ ಇಲ್ಲ. ಸೌಟೇ ಯಾಕೆ ಎಂದು ನಾನು ಕೈಸನ್ನೆಯಲ್ಲಿ ಕೇಳಿದಾಗ ಅಲ್ಲಿಯ ಅಡುಗೆಯಾಕೆ, ಮೊದಲ ದಿನ ಕೈಗೆ ಸಿಕ್ಕಿದ್ದು ಅದೇ ಎಂಬಂತೆ ಭುಜ ಕುಣಿಸಿದಳು.

ಮಾತು ಬರದ ಮನುಷ್ಯನಿಗೆ ಹೇಳಿ ಮಾಡಿಸಿದ ಕೆಲಸ. ಇವರು ಕೂತರು. ಕೇಳಿದರು. ತಿಂಗಳು ತುಂಬುವಷ್ಟರಲ್ಲಿ ಬೆಂಚು ಸಾಲದೆ ಮಕ್ಕಳು ನೆಲದ ಮೇಲೆ ಸಾಲುಗಟ್ಟಿದರು. ‘ದೊಡ್ಡಕಿವಿ’ ಎಂದು ಅಡ್ಡಹೆಸರು ಬಿತ್ತು. ಕಿವಿಯೂ ಹಾಗೇ ಇವೆ ಅನ್ನಿ.

ನಾನೂ ಅಷ್ಟು ಹೊತ್ತಿಗೆ ಅಲ್ಲಿಯ ಅಡುಗೆಮನೆ ಸೇರಿದ್ದೆ. ಮನೆಯಲ್ಲಿ ಕೂತು ಸೋಪಿನ ವಾಸನೆ ಕುಡಿಯುವುದಕ್ಕಿಂತ ಆಲೂಗಡ್ಡೆ ಸುಲಿಯುವುದೇ ಮೇಲೆನಿಸಿತ್ತು. ಶೂ ಕೋಣೆ ನನ್ನ ಎದುರಿಗೇ. ಅದರ ಬಾಗಿಲು ಮುಚ್ಚುವಂತಿಲ್ಲ, ಅದೂ ಒಂದು ನಿಯಮ. ಒಂದು ದಿನ ಹಲ್ಲು ಬಿದ್ದ ಪುಟ್ಟ ಹುಡುಗಿಯೊಬ್ಬಳು ಕೈಕಾಲು ಆಡಿಸಿಕೊಂಡು ಏನೋ ಹೇಳುತ್ತಿದ್ದಳು. ಇವರು ಮಂಡಿಯ ಮೇಲೆ ಎರಡೂ ಕೈಯಿಟ್ಟು, ಕಣ್ಣು ಕೀಳದೆ, ತುಟಿ ಬಿಗಿದು ಕೂತಿದ್ದರು. ಅವಳು ನಕ್ಕರೆ ಇವರ ಮುಖ ಅರಳುತ್ತಿತ್ತು, ಅವಳು ಅತ್ತರೆ ಬಾಡುತ್ತಿತ್ತು. ಆ ಮುಖವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ.

“ಏನಂದ್ಲು ಆ ಹುಡುಗಿ?” ದಾರಿಯಲ್ಲಿ ಕೇಳಿದೆ.

“ಪೂರ್ತಿ ಗೊತ್ತಾಗಲಿಲ್ಲ. ಕೋಳಿ ಅಂತ ಒಂದು ಮಾತು ಬಂತು. ಅವರ ಅಮ್ಮಂದೂ ಬಂತು.”

“ಮತ್ತೆ ಅಷ್ಟು ತಲೆಯಾಡಿಸ್ತಿದ್ರಿ?”

“ಕೇಳ್ತಿದ್ದೆ ಕಣೇ.”

ಹೆಮ್ಮೆಯಾಯಿತು. ಹೊಟ್ಟೆಯೂ ಉರಿಯಿತು. ಎರಡೂ ಒಟ್ಟಿಗೇ ಆದದ್ದು ನಿಜ, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದರೆ ಆ ಮಹಾನುಭಾವ ಬೇರೆಯೇ. “ಇವತ್ತಿನ ಮಾತೆಲ್ಲ ಆಯ್ತು, ತಲೆ ಸಿಡೀತಿದೆ,” ಎಂದು ಕುರ್ಚಿಗೆ ಬೀಳುತ್ತಿದ್ದರು. ಮೆಣಸಿ ಬೆಳಗಿನಿಂದ ಒಬ್ಬಳೇ. ಅಲ್ಲಿಯ ಶಾಲೆಗೆ ಸೇರಲು ಭಾಷೆ ಬಾರದು, ಇವಳ ಹಗಲೆಂದರೆ ಊರಿನ ಗೆಳತಿಯರಿಗೆ ರಾತ್ರಿ. ಅಜ್ಜಿಯ ಜೊತೆ ಎಷ್ಟು ಹೊತ್ತು ಮಾತಾಡುತ್ತಾಳೆ? ಅಜ್ಜಿ ಮಧ್ಯಾಹ್ನ ಗೊರಕೆ ಹೊಡೆಯುತ್ತಾರೆ. ಅಪ್ಪನ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿಸಿದ ತಕ್ಷಣ ಬಾಗಿಲಿಗೆ ಓಡುತ್ತಿದ್ದಳು.

“ಅಪ್ಪಾ, ಇವತ್ತು ಕೆಳಗೆ ಲಾಂಡ್ರಿಗೆ ಒಬ್ಬ ತಾತ—”

“ಗೊತ್ತಾಯ್ತು, ಬಟ್ಟೆ ಒಗೆಸೋಕೆ ಬಂದ. ನೀರು ಕೊಡು.”

ಒಂದು ರಾತ್ರಿ ಊಟಕ್ಕೆ ಕೂತಾಗ ಅವಳು ಮತ್ತೆ ಶುರು ಮಾಡಿದಳು. “ಅಪ್ಪಾ, ಹೆಡ್‌ಮಿಸ್ ಫೋನ್ ಮಾಡಿದ್ರು. ಸೀಟು ಇಟ್ಕೋಬೇಕಾ ಅಂತ—”

“ಗೊತ್ತಾಯ್ತು, ಗೊತ್ತಾಯ್ತು. ನಾನು ಮಾತಾಡ್ತೀನಿ ಬಿಡು.”

“ಅವರು ಏನು ಕೇಳಿದ್ರು ಅಂತ ಪೂರ್ತಿ—”

“ಮೆಣಸಿ, ಊಟ ಮಾಡು.”

ಅತ್ತೆ ಬ್ರೆಡ್ಡಿನ ತಟ್ಟೆಯನ್ನು ಮಗನ ಕಡೆಗೆ ಕುಕ್ಕಿದರು. “ಏನೋ ಇದು? ಅಲ್ಲಿ ಊರ ಮಕ್ಕಳ ಮುಂದೆ ಗಂಟೆಗಟ್ಟಲೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತೀಯಂತೆ. ಆ ಬೀಗ ಮನೆಗೆ ಬರುವಾಗ ಎಲ್ಲಿ ಬಿಟ್ಟು ಬರ್ತೀಯ?”

“ಅಮ್ಮಾ, ಆ ಮಕ್ಕಳಿಗೆ ಹೇಳಿಕೊಳ್ಳೋಕೆ ಯಾರೂ ಇಲ್ಲ.”

“ಇವಳಿಗೆ ಯಾರಿದಾರೋ?”

“ನೀವೆಲ್ಲ ಇದೀರಲ್ಲ!”

ಕೆಳಗೆ ಯಂತ್ರ ತಿರುಗಿತು. ಚಮಚಗಳು ಗಡಗಡ ಎಂದವು. ಅತ್ತೆ ಲೋಟ ಹಿಡಿದುಕೊಂಡರು.

ಚಳಿ ಕಳೆಯಿತು. ಕಿಟಕಿ ತೆರೆಯುವ ಹಾಗಾಯಿತು. ಮೆಣಸಿ ಬೀರುವಿನ ಮೇಲಿದ್ದ ನಾಲ್ಕು ಸೂಟ್‌ಕೇಸುಗಳಲ್ಲಿ ತನ್ನದನ್ನೂ ಅಜ್ಜಿಯದನ್ನೂ ಇಳಿಸಿ, ಒರೆಸಿ, ಮಂಚದ ಪಕ್ಕಕ್ಕೆ ಇಟ್ಟುಕೊಂಡಳು. ಹೊರಡಲು ಇನ್ನೂ ಎಷ್ಟೋ ವಾರಗಳಿದ್ದವು.

“ಈಗಲೇ ಯಾಕೆ?” ಎಂದೆ.

“ಕಣ್ಣಿಗೆ ಕಾಣ್ತಿದ್ರೆ ನಿದ್ದೆ ಬರುತ್ತೆ ಅಮ್ಮಾ.”

ಅದೇ ವಾರ ಅಡುಗೆಯಾಕೆ ನಾನು ಒಳಗೆ ಕಾಲಿಡುತ್ತಿದ್ದಂತೆ ಓಡಿ ಬಂದು ತಬ್ಬಿಕೊಂಡಳು. ಕೈಯೆಲ್ಲ ಹಿಟ್ಟು. ಶೂ ಕೋಣೆ ತೋರಿಸಿದಳು, ತನ್ನ ಕಿವಿ ಮುಟ್ಟಿದಳು, ಗೋಡೆಯ ಕ್ಯಾಲೆಂಡರ್ ತಟ್ಟಿ ಒಂದು ಬೆರಳು ಎತ್ತಿದಳು. ಇನ್ನೂ ಒಂದು! ಇನ್ನೂ ಒಂದು ವರ್ಷ! ಹೊರಗೆ ಹೋಗಿ ನೋಡಿದರೆ ಗೋಡೆಯ ಮೇಲೆ ಬರುವ ವರ್ಷದ ಕೆಲಸಗಾರರ ಚಿತ್ರಗಳು. ನನ್ನ ಗಂಡನದು ನಡುವೆ, ಸುತ್ತ ಮಕ್ಕಳು ಬಣ್ಣದಲ್ಲಿ ಬಿಡಿಸಿದ ಕಿವಿಗಳು. ಮಕ್ಕಳಿಗೆ ಗೊತ್ತು, ಅಡುಗೆಯಾಕೆಗೆ ಗೊತ್ತು, ಕಸ ಗುಡಿಸುವವನಿಗೂ ಗೊತ್ತು. ಹೆಂಡತಿಗೆ ಮಾತ್ರ ಗೊತ್ತಿಲ್ಲ. ಆ ದಿನ ಸುಲಿದ ಆಲೂಗಡ್ಡೆಗಳು ಗೋಲಿಯಷ್ಟಾದವು.

ಮನೆಯ ಬಾಗಿಲು ದಾಟುವವರೆಗೂ ತಡೆದುಕೊಂಡೆ.

“ಇನ್ನೂ ಒಂದು ವರ್ಷ ಅಂತ ಒಪ್ಕೊಂಡು ಬಂದಿದೀರಂತೆ?”

ಅವರು ಶೂ ಬಿಚ್ಚುತ್ತಾ ಕೂತಿದ್ದರು. ತಲೆಯೆತ್ತಲಿಲ್ಲ. “ನಿಮಗೆಲ್ಲ ಹೇಳೋಣ ಅಂತಲೇ ಇದ್ದೆ.”

“ಯಾವಾಗ? ವಿಮಾನ ಹತ್ತಿ ಪಟ್ಟಿ ಕಟ್ಕೊಂಡ ಮೇಲಾ?”

“ಕೂಗಾಡಬೇಡ. ಮುಖ್ಯಸ್ಥೆ ಕೇಳಿದ್ರು, ಮಕ್ಕಳು ಪಕ್ಕದಲ್ಲೇ ನಿಂತಿದ್ವು, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.”

“ನಮಗೆ ಇಲ್ಲ ಅನ್ನೋಕೆ ಮಾತ್ರ ಚೆನ್ನಾಗಿ ಬರುತ್ತೆ!”

ಅತ್ತೆ ಕೋಣೆಯಿಂದ ಎದ್ದು ಬಂದರು. “ಮಗುಗೆ ಮಾತು ಕೊಟ್ಟಿದ್ದೆ ಕಣೋ ನೀನು. ನನ್ನೆದುರಿಗೇ ಕೊಟ್ಟಿದ್ದು.”

“ಇಲ್ಲೇ ಓದಲಿ ಅಮ್ಮಾ. ನಾನೇ ಪಾಠ ಹೇಳ್ತೀನಿ. ಮುಂದಿನ ವರ್ಷ ಸೀಟು ಕೇಳಿದ್ರಾಯ್ತು.”

“ಮುಂದಿನ ವರ್ಷ ಕೊಡಲ್ಲ ಅಂತಲೇ ಹೆಡ್‌ಮಿಸ್ ಹೇಳಿದ್ದು,” ಎಂದಳು ಮೆಣಸಿ. ಅವಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ಅವತ್ತು ಊಟದ ಹೊತ್ತಲ್ಲಿ ಅದನ್ನೇ ಹೇಳೋಕೆ ಬಂದೆ. ಅಪ್ಪಾ, ನಾನು ಈ ವರ್ಷ ಪೂರ್ತಿ—”

“ನೀನು ಏನು ಹೇಳ್ತೀಯ ಅಂತ ಗೊತ್ತು ಮೆಣಸಿ. ಬೇಜಾರಾಗಿದೆ, ಒಂಟಿ ಅನ್ಸುತ್ತೆ. ಗೊತ್ತಾಯ್ತು. ಆ ಮಕ್ಕಳ ಕಷ್ಟ ನೋಡಿದ್ರೆ ನಿಂದು ಒಂದು ಕಷ್ಟಾನಾ?”

ಅವಳು ತೆರೆದ ಬಾಯಿ ಮುಚ್ಚಿದಳು. ಟವೆಲ್ ಬಿಚ್ಚಿ, ಮಡಿಸಿ, ಕುರ್ಚಿಯ ಬೆನ್ನಿಗೆ ಹಾಕಿ ಒಳಗೆ ಹೋದಳು. ಅತ್ತೆ ಮಗನನ್ನೇ ನೋಡುತ್ತಾ ನಿಂತರು. “ನಿಮ್ಮಪ್ಪ ಹೊಡೀತಿದ್ರು,” ಎಂದರು. “ಆದ್ರೆ ನೀನು ಹೇಳಿದ್ದನ್ನ ಪೂರ್ತಿ ಕೇಳಿ ಆಮೇಲೆ ಹೊಡೀತಿದ್ರು.”

ಅಲ್ಲಿಂದ ಮುಂದೆ ಮೆಣಸಿ ಅಪ್ಪನ ಜೊತೆ ಮಾತು ಬಿಟ್ಟಳು. ಮುನಿಸು, ಅಳು ಯಾವುದೂ ಇಲ್ಲ. ನೀರು ಕೇಳಿದರೆ ತಂದುಕೊಡುತ್ತಿದ್ದಳು, ಕರೆದರೆ ಎದುರು ಬಂದು ನಿಲ್ಲುತ್ತಿದ್ದಳು. ಬಾಗಿಲಿಗೆ ಓಡುವುದು ನಿಂತಿತು. ಅವರಿಗೆ ಅದು ಗೊತ್ತಾಗಲಿಕ್ಕೇ ಒಂದು ವಾರ ಬೇಕಾಯಿತು.

“ಮೆಣಸಿ ಈಚೆಗೆ ಶಾಂತವಾಗಿದಾಳೆ ಅಲ್ವಾ? ಹೊಂದ್ಕೊಂಡ್ಲು ಅನ್ಸುತ್ತೆ,” ಎಂದರು ನನ್ನ ಹತ್ತಿರ.

ನಾನು ದಿಂಬಿನ ಚೀಲ ಬದಲಾಯಿಸುತ್ತಿದ್ದೆ. ದಿಂಬನ್ನು ಅವರ ಮುಖಕ್ಕೆ ಎಸೆಯಬೇಕು ಎನ್ನಿಸಿತು. ಎಸೆಯಲಿಲ್ಲ.

ಅದಾದ ಎರಡು ದಿನಕ್ಕೆ, ಕೇಂದ್ರದಲ್ಲಿ ಊಟದ ಗದ್ದಲ ಮುಗಿದು ನಾನು ಸೌಟಿನಿಂದ ದೊಡ್ಡ ಪಾತ್ರೆ ಕೆರೆಯುತ್ತಿದ್ದೆ. ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು. ಸೋಪಿನ ಘಮ. ನೋಡಿದರೆ ಮೆಣಸಿ. ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು.

“ಏನೇ ಇದು? ಅಜ್ಜಿಗೆ ಏನಾಯ್ತು?”

“ಏನಿಲ್ಲ. ಸೌಟು ಕೊಡಮ್ಮಾ.”

ಸೌಟಿನ ಡಬ್ಬಿಯಲ್ಲಿ ಒಂದೂ ಉಳಿದಿರಲಿಲ್ಲ, ಎಲ್ಲವೂ ಬೆಂಚಿನ ಮೇಲೆ ಮಕ್ಕಳ ಕೈಯಲ್ಲಿದ್ದವು. ನನ್ನ ಕೈಯಲ್ಲಿದ್ದದ್ದನ್ನೇ ತೊಳೆದು ಕೊಟ್ಟೆ. ನೀರು ತೊಟ್ಟಿಕ್ಕುವ ಸೌಟು ಹಿಡಿದುಕೊಂಡು ಹೋಗಿ ಅವಳು ಬೆಂಚಿನ ಮೇಲೆ ಕೂತಳು. ಇಷ್ಟುದ್ದದ ಹುಡುಗಿ, ಮೊಣಕಾಲು ಎದೆಗೆ ತಾಗುತ್ತಿತ್ತು. ಹಲ್ಲು ಬಿದ್ದ ಪುಟ್ಟಿ ಸ್ವಲ್ಪ ಸರಿದು ತನಗಿಂತ ಮುಂದೆ ಜಾಗ ಕೊಟ್ಟಳು. ಒಬ್ಬೊಬ್ಬರಾಗಿ ಮಕ್ಕಳು ಒಳಗೆ ಹೋದರು, ಬಂದರು. ಇವಳೂ ಒಂದೊಂದೇ ಜಾಗ ಮುಂದೆ ಸರಿದಳು.

ಇವಳ ಸರದಿ ಬಂತು. ಅವರು ಮುಖವೆತ್ತಿ ನೋಡಿದವರು ಅರ್ಧ ಎದ್ದೇಬಿಟ್ಟರು. “ಏಯ್, ನೀನ್ಯಾಕೆ ಇಲ್ಲಿ—”

ಬೆಂಚಿನ ಮೇಲಿದ್ದ ಮಕ್ಕಳೆಲ್ಲ ಒಟ್ಟಿಗೆ “ಶ್ಶ್!” ಎಂದರು. ದೊಡ್ಡಕಿವಿ ಮಾತಾಡಿಬಿಟ್ಟಿದ್ದ! ಪುಟ್ಟಿಯಂತೂ ಕೋಪದಿಂದ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವರು ಕೂತರು. ಮೆಣಸಿ ಗಡಿಯಾರಕ್ಕೆ ಕೀಲಿ ಕೊಟ್ಟಳು.

“ಬೆಳಿಗ್ಗೆ ನೀವಿಬ್ರೂ ಹೊರಟ ಮೇಲೆ ನಾನು ಕಿಟಕಿ ಹತ್ರ ಕೂತ್ಕೋತೀನಿ,” ಎಂದಳು. “ಕೆಳಗೆ ಲಾಂಡ್ರಿಗೆ ಬರೋರನ್ನ ನೋಡ್ತೀನಿ. ಹಸಿರು ಕೋಟಿನ ತಾತ ಒಬ್ಬ ಇದಾನೆ. ವಾರಾ ವಾರಾ ಒಂದೇ ಹೊದಿಕೆ ತರ್ತಾನೆ. ಕೊಳೆನೇ ಆಗಿರಲ್ಲ ಅದು. ಯಂತ್ರದ ಮುಂದೆ ಕೂತು ಅದು ತಿರುಗೋದನ್ನ ನೋಡ್ತಾನೆ, ಪಕ್ಕದಲ್ಲಿ ಕೂತೋರ ಹತ್ರ ಮಾತಾಡ್ತಾನೆ, ಹೋಗ್ತಾನೆ. ಒಂದು ದಿನ ನಾನೂ ದಿಂಬಿನ ಚೀಲ ತಗೊಂಡು ಕೆಳಗೆ ಹೋಗಿ ಅವನ ಪಕ್ಕ ಕೂತೆ. ಏನೇನೋ ಹೇಳ್ದ. ಒಂದಕ್ಷರ ತಿಳೀಲಿಲ್ಲ. ನಾನೂ ನಮ್ಮ ಮಾತಲ್ಲಿ ಏನೇನೋ ಹೇಳ್ದೆ. ಅಷ್ಟು ನಗು ಬಂತು ಅಪ್ಪಾ, ಸಂಜೆ ನಿನಗೆ ಹೇಳ್ಬೇಕು ಅಂತ ಕಾಯ್ತಿದ್ದೆ. ನೀನು ಗೊತ್ತಾಯ್ತು ಅಂದೆ. ಏನು ಗೊತ್ತಾಯ್ತು? ಹಸಿರು ಕೋಟು ನಿನಗೆ ಹೇಗೆ ಗೊತ್ತಾಯ್ತು?”

ಅವರ ತುಟಿ ಅಲುಗಿತು. ಬೆಂಚಿನ ಕಡೆ ನೋಡಿದರು. ಮತ್ತೆ ಬಿಗಿದುಕೊಂಡರು.

“ಹೆಡ್‌ಮಿಸ್‌ಗೆ ನಾನೇ ಫೋನ್ ಮಾಡ್ದೆ. ಬರ್ತೀನಿ ಅಂದೆ. ಅಜ್ಜಿ ಜೊತೆ ಹೋಗ್ತೀನಿ, ಅಜ್ಜಿ ಹ್ಞೂಂ ಅಂದಿದಾರೆ. ಅಮ್ಮನ್ನ ಇನ್ನೂ ಕೇಳಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ಅಪ್ಪಾ. ಈ ಸ್ಟೂಲ್ ಮೇಲೆ ಕೂತ್ರೆ ಸಿಟ್ಟೇ ಬರಲ್ಲ. ಅದಕ್ಕೇ ಇವರೆಲ್ಲ ಬರ್ತಾರೇನೋ. ಅಷ್ಟೆ.”

ಅಷ್ಟೆ ಎಂದಳು, ಆದರೆ ಗಡಿಯಾರ ಇನ್ನೂ ಟಿಕ್ ಟಿಕ್ ಎನ್ನುತ್ತಿತ್ತು. ಅಪ್ಪ ಮಗಳು ಎದುರುಬದುರು ಕೂತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಅವಳು ಅವರನ್ನೇ ನೋಡುತ್ತಿದ್ದಳು, ಬಹಳ ದಿನದ ಮೇಲೆ ಊರಿಂದ ಬಂದವರನ್ನು ನೋಡುವ ಹಾಗೆ. ಗಂಟೆ ಹೊಡೆಯಿತು. ಅವರು ಕೈ ಚಾಚಿದರು. ಅವಳು ಎಲ್ಲ ಮಕ್ಕಳ ಹಾಗೆ ಸೌಟನ್ನು ಬಾಗಿಲ ಬಳಿಯ ಬುಟ್ಟಿಗೆ ಹಾಕಿ ಎದ್ದು ಬಂದಳು. ಪುಟ್ಟಿ ಒಳಗೆ ಓಡಿ ಸ್ಟೂಲು ಹತ್ತಿ ಕೂತು ಕೋಳಿಯ ಕಥೆ ಶುರು ಮಾಡಿದಳು. ನನ್ನ ಗಂಡ ಕೆನ್ನೆ ಒರೆಸಿಕೊಂಡು ಕೇಳಲು ಕೂತರು. ಸೌಟು ಹಿಡಿದು ಬಂದವಳನ್ನು ಎಬ್ಬಿಸುವಂತಿಲ್ಲವಲ್ಲ.

ಅಂದು ಸಂಜೆ ನಮ್ಮ ಜೊತೆಗೇ ಮನೆಗೆ ಬಂದರು. ಅತ್ತೆ ಮೊಟ್ಟೆ ಬೇಯಿಸಿ, ಬ್ರೆಡ್ ಕೊಯ್ದು ಮೇಜಿಗೆ ಇಟ್ಟಿದ್ದರು. ನಾಲ್ಕೂ ಜನ ಕೂತೆವು.

“ಮೆಣಸಿ,” ಎಂದರು ಇವರು, ಮೆಲ್ಲಗೆ. “ಇವತ್ತು ನೀನು ಹೇಳಿದ್ದು, ಆ ತಾತನ ವಿಷಯ—”

“ಒಳಗೆ ಹೇಳಿದ್ದನ್ನ ಹೊರಗೆ ಎತ್ತಬಾರದು ಅಪ್ಪಾ. ನಿಮ್ಮ ಕೇಂದ್ರದ್ದೇ ನಿಯಮ.”

“ನಾನು ನಿಮ್ಮಪ್ಪ ಕಣೇ!”

“ಅಲ್ಲಿ ಹೇಳಿದ್ದು ದೊಡ್ಡಕಿವಿ ಹತ್ರ.” ಅವಳು ಮೊಟ್ಟೆಯ ಸಿಪ್ಪೆ ಬಿಡಿಸಿ ಅವರ ತಟ್ಟೆಗೆ ಇಟ್ಟಳು. “ಅವರು ಚೆನ್ನಾಗಿ ಕೇಳಿದ್ರು.”

ಅತ್ತೆ ಮುಖ ಆಚೆ ತಿರುಗಿಸಿದರು. ಕೆಳಗೆ ಯಂತ್ರ ಶುರುವಾಯಿತು. ತಟ್ಟೆಗಳು ಗಡಗಡ ಎಂದವು. ಲೋಟ ಹಿಡಿಯಲು ಅತ್ತೆಯೂ ಮರೆತರು, ನೀರು ತುಳುಕಿ ಮೇಜಿನ ಮೇಲೆ ಹರಿಯಿತು. ನಾನು ಬಟ್ಟೆ ತಂದು ಒರೆಸಿದೆ.

ಇವರು ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು. “ಅವರಿಬ್ರೂ ತೀರ್ಮಾನ ಮಾಡ್ಕೊಂಡ್ಬಿಟ್ಟಿದಾರೆ. ನೀನಾದ್ರೂ ಹೇಳು. ನೀನು ಏನು ಮಾಡ್ತೀಯ?”

ನಿಜ ಹೇಳುತ್ತೇನೆ, ಆ ಕ್ಷಣದವರೆಗೂ ನನಗೆ ಏನೂ ತೋಚಿರಲಿಲ್ಲ. ಅವರನ್ನು ಒಬ್ಬರನ್ನೇ ಬಿಟ್ಟು ಹೋಗುವುದಕ್ಕೆ ಕರುಳು ಒಪ್ಪುತ್ತಿರಲಿಲ್ಲ. ಶೂ ಕೋಣೆಯಲ್ಲಿ ಆ ಮುಖ ನೋಡಿದ್ದೆನಲ್ಲ. ಆ ಮುಖ ಒಂದು ದಿನ ಈ ಮೇಜಿಗೂ ಬಂದೀತು, ಉಳಿಯುತ್ತೇನೆ ಎನ್ನೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗಿಟ್ಟೆ.

“ನಾನು ಬಹಳ ದಿನದಿಂದ ನಿಮಗೆ ಒಂದು ಮಾತು—”

“ಗೊತ್ತಾಯ್ತು, ಗೊತ್ತಾಯ್ತು,” ಎಂದರು.

ತಮ್ಮ ಮಾತು ತಮಗೇ ಕೇಳಿಸಿತೇನೋ, ಬಾಯಿಗೆ ಅಡ್ಡ ಕೈ ಹಿಡಿದುಕೊಂಡರು.

ನಾನು ಕುರ್ಚಿ ಎಳೆದುಕೊಂಡು ಹೋಗಿ, ಅದರ ಮೇಲೆ ಹತ್ತಿ, ಬೀರುವಿನ ಮೇಲಿದ್ದ ಮೂರನೆಯ ಸೂಟ್‌ಕೇಸು ಇಳಿಸಿದೆ.